ಮಾಂಟಿಚೆಲ್ಲೊದ ಹೆಮಿಂಗ್ಸ್ ಕುಟುಂಬ: ಒಡೆಯನ ಕೃಪೆ ಎಂಬುದರ ಬೆಲೆ ಎಷ್ಟಿತ್ತು?

ಪ್ರಶ್ನೆ: ಇತಿಹಾಸಾಸಕ್ತೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ವರ್ಜೀನಿಯಾದ ಮಾಂಟಿಚೆಲ್ಲೊ ತೋಟದಲ್ಲಿ ತಲೆಮಾರುಗಳ ಕಾಲ ಗುಲಾಮರಾಗಿ ಬಾಳಿದ ಹೆಮಿಂಗ್ಸ್ ಕುಟುಂಬದ ಬಗ್ಗೆ ಕೆಲವು ಕಾಲದಿಂದ ಓದುತ್ತಿದ್ದೇನೆ. ಈ ಕುಟುಂಬದ ಹೆಸರು ಬಂದಲ್ಲೆಲ್ಲ, ಇವರು ಒಡೆಯನ ಕೃಪೆಗೆ ಪಾತ್ರರಾಗಿದ್ದವರು, ಉಳಿದ ಗುಲಾಮರಿಗಿಂತ ಮೇಲಿನ ಸ್ಥಿತಿಯಲ್ಲಿದ್ದವರು ಎಂಬ ಮಾತೂ ಜೊತೆಗೇ ಬರುತ್ತದೆ. ಇವರನ್ನು ಸಾಮಾನ್ಯವಾಗಿ ಹೊಲದ ದುಡಿಮೆಗೆ ಹಚ್ಚುತ್ತಿರಲಿಲ್ಲ. ಅಡುಗೆ, ಬಡಗಿತನ, ಕಮ್ಮಾರಿಕೆ, ಮನೆಯ ಒಳಗಿನ ಉಸ್ತುವಾರಿ ಇವರ ಪಾಲಿಗಿತ್ತು. ಕೆಲವರಿಗೆ ಕೈಗೆ ಕೂಲಿಯೂ ಬರುತ್ತಿತ್ತು. ಜೆಫರ್ಸನ್ ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರ ಒಡೆಯರಾಗಿದ್ದರು. ಅವರಲ್ಲಿ ಕಾನೂನುಬದ್ಧವಾಗಿ ಬಿಡುಗಡೆ ಪಡೆದವರು ಏಳೇ ಮಂದಿ. ಇಬ್ಬರು ಅವರು ಬದುಕಿದ್ದಾಗ, ಐವರು ಅವರ ಉಯಿಲಿನ ಮೂಲಕ. ಆ ಏಳೂ ಮಂದಿ ಇದೇ ಕುಟುಂಬದವರು.

ಇಷ್ಟನ್ನು ಓದಿದಾಗ ಕೃಪೆ ಎಂಬ ಮಾತು ಸರಿಯೆಂದೇ ತೋರುತ್ತದೆ. ಆದರೆ ಒಬ್ಬ ಮನುಷ್ಯನ ಆಸ್ತಿಯಾಗಿದ್ದವರಿಗೆ ಅವನದೇ ಕೃಪೆಯಿಂದ ದೊರೆತ ಸ್ಥಾನ ಎಷ್ಟರ ಮಟ್ಟಿಗೆ ಸ್ಥಾನವಾಗಿತ್ತು, ಅದು ತಾಯಿಯಿಂದ ಮಗಳಿಗೆ, ಗಂಡನಿಂದ ಹೆಂಡತಿಗೆ ತಲುಪುತ್ತಿತ್ತೇ ಎಂಬುದು ನನಗೆ ಸ್ಪಷ್ಟವಾಗುತ್ತಿಲ್ಲ. ಇನ್ನೊಂದು ವಿಷಯವನ್ನೂ ಇದರೊಂದಿಗೆ ಕೇಳುತ್ತೇನೆ. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. ಹೀಗಿರುವಾಗ ಈ ಕುಟುಂಬದ ವಂಶಾವಳಿಯನ್ನು ಇಷ್ಟು ವಿವರವಾಗಿ ಯಾವ ಆಧಾರದ ಮೇಲೆ ಬರೆಯಲಾಗಿದೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಕಡತಪ್ರಿಯ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹುಡುಕಲು ಮಾಂಟಿಚೆಲ್ಲೊಗಿಂತ ಹಿಂದಕ್ಕೆ, 1662ರಲ್ಲಿ ವರ್ಜೀನಿಯಾದ ಶಾಸನಸಭೆ ಮಾಡಿದ ಒಂದು ಕಾನೂನಿನವರೆಗೆ ಹೋಗಬೇಕಾಗುತ್ತದೆ. ಇಂಗ್ಲೆಂಡಿನ ಪದ್ಧತಿಯಲ್ಲಿ ಮಗುವಿನ ಸ್ಥಾನಮಾನ ತಂದೆಯನ್ನು ಅನುಸರಿಸುತ್ತಿತ್ತು. ಈ ಕಾನೂನು ಅದನ್ನು ತಲೆಕೆಳಗು ಮಾಡಿ, ಮಗು ಸ್ವತಂತ್ರವೋ ಗುಲಾಮನೋ ಎಂಬುದನ್ನು ತಾಯಿಯ ಸ್ಥಿತಿಯೇ ನಿರ್ಧರಿಸುತ್ತದೆ ಎಂದಿತು. ಅಲ್ಲಿಂದ ಮುಂದೆ ಗುಲಾಮ ಹೆಂಗಸಿನಲ್ಲಿ ಒಡೆಯನಿಗೆ ಹುಟ್ಟಿದ ಮಗು ಅವನ ವಾರಸುದಾರನಾಗುವ ಬದಲು ಅವನ ಆಸ್ತಿಯ ಪಟ್ಟಿಗೆ ಸೇರಿತು. ಹೆಮಿಂಗ್ಸ್ ಕುಟುಂಬದ ಚರಿತ್ರೆಯೆಲ್ಲವೂ ಈ ಒಂದು ಕಾನೂನಿನ ನೆರಳಿನಲ್ಲೇ ನಡೆದಿದೆ.

ಕುಟುಂಬದ ಮೂಲಮಾತೆ ಎಲಿಜಬೆತ್ ಹೆಮಿಂಗ್ಸ್ ಸುಮಾರು 1735ರಲ್ಲಿ ಜನಿಸಿದರು. ಅವರ ಮೊಮ್ಮಗ ಮ್ಯಾಡಿಸನ್ ಹೆಮಿಂಗ್ಸ್ ಹೇಳಿರುವ ಪ್ರಕಾರ ಎಲಿಜಬೆತ್ ಅವರ ತಾಯಿ ಆಫ್ರಿಕಾದಿಂದ ತಂದ ಹೆಂಗಸು, ತಂದೆ ಹೆಮಿಂಗ್ಸ್ ಎಂಬ ಹೆಸರಿನ ಇಂಗ್ಲಿಷ್ ಹಡಗಿನ ಕಪ್ತಾನ. ಮಗಳನ್ನು ಕೊಂಡುಕೊಳ್ಳಲು ಕಪ್ತಾನ ಮುಂದಾದರೂ ಒಡೆಯ ಜಾನ್ ವೇಲ್ಸ್ ಮಾರಲು ಒಪ್ಪಲಿಲ್ಲವಂತೆ. ವೇಲ್ಸ್ ವಕೀಲರು, ಗುಲಾಮರ ವ್ಯಾಪಾರದಲ್ಲೂ ಕೈಯಾಡಿಸಿದವರು. ಮೂರು ಮದುವೆಯಾಗಿ ಮೂವರು ಹೆಂಡಿರನ್ನೂ ಕಳೆದುಕೊಂಡ ಮೇಲೆ ಅವರಿಗೆ ಎಲಿಜಬೆತ್ ಅವರಲ್ಲಿ ಆರು ಮಕ್ಕಳು ಹುಟ್ಟಿದರು: ರಾಬರ್ಟ್, ಜೇಮ್ಸ್, ಥೀನಿಯಾ, ಕ್ರಿಟಾ, ಪೀಟರ್, ಮತ್ತು 1773ರಲ್ಲಿ ಸ್ಯಾಲಿ. ಅದೇ ವರ್ಷ ವೇಲ್ಸ್ ತೀರಿಕೊಂಡರು. ಅವರ ವಿವಾಹದ ಮಗಳು ಮಾರ್ತಾ ಆ ಹೊತ್ತಿಗೆ ಜೆಫರ್ಸನ್ನರ ಪತ್ನಿ. ತಂದೆಯ ಆಸ್ತಿಯಲ್ಲಿ ಮಾರ್ತಾ ಅವರ ಪಾಲಿಗೆ ಜಮೀನು, ಸಾಲ, ಮತ್ತು 135 ಮಂದಿ ಗುಲಾಮರು ಬಂದರು. ಆ 135 ಮಂದಿಯಲ್ಲಿ ಎಲಿಜಬೆತ್ ಮತ್ತು ಅವರ ಮಕ್ಕಳೂ ಇದ್ದರು.

ಅಂದರೆ ಮಾರ್ತಾ ಅವರಿಗೆ ಪಿತ್ರಾರ್ಜಿತವಾಗಿ ಬಂದದ್ದು ತನ್ನದೇ ತಂದೆಯ ಮಕ್ಕಳು. ಹೊಲದ ಬದಲು ಮನೆಯ ಒಳಗೆ ಇವರಿಗೆ ಸಿಕ್ಕ ಕೆಲಸಗಳನ್ನು ಈ ನಂಟನ್ನು ಬಿಟ್ಟು ವಿವರಿಸಲಾಗದು ಎಂದು ನನಗನ್ನಿಸುತ್ತದೆ. ಆದರೆ ಆ ನಂಟನ್ನು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಎಲಿಜಬೆತ್ ಅವರ ಹಿರಿಯ ಮಗ ಮಾರ್ಟಿನ್, ಬೇರೆ ತಂದೆಗೆ ಹುಟ್ಟಿದವರು, ಮನೆಯ ಬಟ್ಲರ್ ಆದರು. ರಾಬರ್ಟ್ ಜೆಫರ್ಸನ್ನರ ಖಾಸಾ ಸೇವಕ; 1776ರಲ್ಲಿ ಫಿಲಡೆಲ್ಫಿಯಾದಲ್ಲಿ ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾದವರೆಂಬ ಘೋಷಣೆ ಸಿದ್ಧವಾಗುತ್ತಿದ್ದಾಗ ಅದನ್ನು ಬರೆಯುತ್ತಿದ್ದವರ ಸೇವೆಗೆ ನಿಂತಿದ್ದವನು 14 ವರ್ಷದ ಈ ಹುಡುಗ, ಅವರ ಹೆಂಡತಿಗೆ ವರಸೆಯಲ್ಲಿ ತಮ್ಮ.

ಉತ್ತರ: ನಿಧಾನ ಓದುಗ

ಕಡತಪ್ರಿಯರು ಹಾಕಿಕೊಟ್ಟ ತಳಹದಿಯ ಮೇಲೆ ಪ್ಯಾರಿಸ್ಸಿನ ಸಂಗತಿಯನ್ನು ಸೇರಿಸುತ್ತೇನೆ, ಏಕೆಂದರೆ ಕೃಪೆಗೂ ಹಕ್ಕಿಗೂ ಇರುವ ಅಂತರ ಅಲ್ಲಿಯಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣುವುದಿಲ್ಲ.

1784ರಲ್ಲಿ ಜೆಫರ್ಸನ್ ರಾಜತಾಂತ್ರಿಕ ಕೆಲಸದ ಮೇಲೆ ಪ್ಯಾರಿಸ್ಸಿಗೆ ಹೊರಟಾಗ ಜೇಮ್ಸ್ ಹೆಮಿಂಗ್ಸ್ ಅವರನ್ನು ಫ್ರೆಂಚ್ ಅಡುಗೆ ಕಲಿಸುವ ಉದ್ದೇಶದಿಂದಲೇ ಜೊತೆಗೆ ಕರೆದೊಯ್ದರು. ಮೂರು ವರ್ಷಗಳ ನಂತರ ಜೆಫರ್ಸನ್ನರ ಕಿರಿಯ ಮಗಳ ಜೊತೆಗಾತಿಯಾಗಿ, ಲಂಡನ್ನಿನ ಮೂಲಕ, 14 ವರ್ಷದ ಸ್ಯಾಲಿಯೂ ಅಲ್ಲಿಗೆ ಬಂದಳು. ಫ್ರಾನ್ಸಿನ ನೆಲದಲ್ಲಿ ಗುಲಾಮಗಿರಿಗೆ ಮಾನ್ಯತೆ ಇಲ್ಲವೆಂಬ ತತ್ವ ಅಲ್ಲಿ ಹಿಂದಿನಿಂದ ನಡೆದುಬಂದಿತ್ತು. ನ್ಯಾಯಾಲಯಕ್ಕೆ ಅರ್ಜಿ ಹಾಕಿ ಸ್ವತಂತ್ರರಾದವರ ಉದಾಹರಣೆಗಳೂ ಇದ್ದವು. ಅಣ್ಣ ತಂಗಿ ಇಬ್ಬರಿಗೂ ಅಲ್ಲಿ ಸಂಬಳ ಸಿಗುತ್ತಿತ್ತು. ಆದರೂ 1789ರಲ್ಲಿ ಇಬ್ಬರೂ ವರ್ಜೀನಿಯಾಕ್ಕೆ ಮರಳಿದರು.

ಏಕೆ ಮರಳಿದರು ಎಂಬುದಕ್ಕೆ ನಮ್ಮೆದುರಿಗಿರುವುದು ಸ್ಯಾಲಿಯ ಮಗ ಮ್ಯಾಡಿಸನ್ 1873ರಲ್ಲಿ ಒಹಾಯೊದ ಒಂದು ಪತ್ರಿಕೆಗೆ ಕೊಟ್ಟ ಹೇಳಿಕೆ. ಪ್ಯಾರಿಸ್ಸಿನಲ್ಲಿ ತನ್ನ ತಾಯಿ ಜೆಫರ್ಸನ್ನರಿಂದ ಗರ್ಭಿಣಿಯಾದರು, ವಾಪಸು ಬರಲು ನಿರಾಕರಿಸಿದರು, ವಿಶೇಷ ಸವಲತ್ತುಗಳನ್ನು ಕೊಡುವುದಾಗಿಯೂ ಹುಟ್ಟುವ ಮಕ್ಕಳನ್ನು 21ನೆಯ ವಯಸ್ಸಿಗೆ ಸ್ವತಂತ್ರಗೊಳಿಸುವುದಾಗಿಯೂ ಜೆಫರ್ಸನ್ ಮಾತು ಕೊಟ್ಟ ಮೇಲೆ ಹೊರಟರು ಎಂದು ಅವರು ಹೇಳುತ್ತಾರೆ. ಇದನ್ನು ಚೌಕಾಸಿ ಎಂದು ಓದುವವರಿದ್ದಾರೆ, ದಬ್ಬಾಳಿಕೆ ಎಂದು ಓದುವವರೂ ಇದ್ದಾರೆ. ನನ್ನ ಮಟ್ಟಿಗೆ ಇವೆರಡರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಬಿಡುವುದು ಸಾಧ್ಯವಿಲ್ಲ. 16 ವರ್ಷದ ಹುಡುಗಿ, ಎದುರಿಗೆ 46 ವರ್ಷದ ಒಡೆಯ, ಸಾಗರದಾಚೆ ತಾಯಿ ಮತ್ತು ಒಡಹುಟ್ಟಿದವರೆಲ್ಲ ಅದೇ ಒಡೆಯನ ವಶದಲ್ಲಿ. ಅಂಥ ಇಕ್ಕಟ್ಟಿನಲ್ಲಿ ಹುಟ್ಟಲಿರುವ ಮಕ್ಕಳ ಬಿಡುಗಡೆಯನ್ನು ಅವಳು ಪಣವಾಗಿಟ್ಟು ಕೇಳಿದಳೆಂದರೆ ಅದು ಅವಳ ಬುದ್ಧಿವಂತಿಕೆ. ಹಾಗೆ ಕೇಳಬೇಕಾದ ಸ್ಥಿತಿ ಮಾತ್ರ ಅವಳ ಆಯ್ಕೆಯಲ್ಲ.

ಜೇಮ್ಸ್ ಅವರ ವಿಷಯದಲ್ಲಾದರೆ ಬರಹದ ದಾಖಲೆಯೇ ಇದೆ. ತಮ್ಮ ಕೌಶಲವನ್ನು ಇನ್ನೊಬ್ಬರಿಗೆ ಪೂರ್ತಿಯಾಗಿ ಕಲಿಸಿಕೊಟ್ಟರೆ ಬಿಡುಗಡೆ ಮಾಡುವುದಾಗಿ 1793ರಲ್ಲಿ ಜೆಫರ್ಸನ್ ಬರೆದುಕೊಟ್ಟರು. ಜೇಮ್ಸ್ ತಮ್ಮ ಪೀಟರನಿಗೆ ಆ ವಿದ್ಯೆ ಕಲಿಸಿ 1796ರಲ್ಲಿ ಸ್ವತಂತ್ರರಾದರು. ಒಬ್ಬ ಅಣ್ಣ ಹೊರಗೆ ಹೋಗಲು ಒಬ್ಬ ತಮ್ಮ ಅದೇ ಒಲೆಯ ಮುಂದೆ ಬಂದು ನಿಲ್ಲಬೇಕಾಯಿತು. ಹೊರಡುವ ಮುನ್ನ ಜೇಮ್ಸ್ ತಮ್ಮ ಕೈಯಾರೆ ಬರೆದ ಅಡುಗೆಮನೆಯ ಪಾತ್ರೆಗಳ ಪಟ್ಟಿ ಇಂದಿಗೂ ಉಳಿದಿದೆ. 1801ರಲ್ಲಿ ಬಾಲ್ಟಿಮೋರಿನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ರಾಬರ್ಟ್ ಅವರ ಬಿಡುಗಡೆ ಇದಕ್ಕೂ ಮೊದಲು, 1794ರಲ್ಲಿ, ಅದೂ ಹಣ ಕಟ್ಟಿಸಿಕೊಂಡು ಆದದ್ದು. ಜೆಫರ್ಸನ್ ಬದುಕಿದ್ದಾಗ ಬಿಡುಗಡೆ ಮಾಡಿದ ಇಬ್ಬರು ಇವರೇ.

ಇತಿಹಾಸಾಸಕ್ತೆ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಸ್ಯಾಲಿ ಅವರಿಗೆ ಕೊಟ್ಟ ಮಾತು ಕೊನೆಗೆ ನಡೆಯಿತೇ? ಮತ್ತು ವೇಲ್ಸ್ ಅವರ ಮಕ್ಕಳಲ್ಲದ, ಎಲಿಜಬೆತ್ ಅವರ ಇತರ ಮಕ್ಕಳ ಸಂತತಿಗೆ ಈ ಕೃಪೆ ತಲುಪಿತ್ತೇ?

ಉತ್ತರ: ದಾಖಲೆಮನೆ

ಮೊದಲನೆಯದಕ್ಕೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ: ಮಾತು ಬಹುಪಾಲು ನಡೆಯಿತು. ಸ್ಯಾಲಿ ಅವರ ಮಕ್ಕಳಲ್ಲಿ ಬೆಳೆದು ದೊಡ್ಡವರಾದವರು ನಾಲ್ವರು: ಬೆವರ್ಲಿ, ಹ್ಯಾರಿಯಟ್, ಮ್ಯಾಡಿಸನ್, ಎಸ್ಟನ್. ಮೊದಲಿಬ್ಬರು 1822ರ ಸುಮಾರಿಗೆ ಮಾಂಟಿಚೆಲ್ಲೊ ಬಿಟ್ಟು ಹೋದರು. ಲೆಕ್ಕದ ಪುಸ್ತಕದಲ್ಲಿ ಓಡಿಹೋದವರೆಂದು ಬರೆದುಕೊಂಡದ್ದು ಬಿಟ್ಟರೆ ಅವರನ್ನು ಹುಡುಕಿಸಲಿಲ್ಲ. ಹ್ಯಾರಿಯಟ್‌ಗೆ ಪ್ರಯಾಣಕ್ಕೆಂದು 50 ಡಾಲರ್ ಕೊಡಿಸಿದ್ದನ್ನು ತೋಟದ ಮೇಲ್ವಿಚಾರಕರೇ ಮುಂದೆ ನೆನಪಿಸಿಕೊಂಡಿದ್ದಾರೆ. ಕಿರಿಯರಿಬ್ಬರ ಹೆಸರು ಉಯಿಲಿನಲ್ಲಿತ್ತು. ಸ್ಯಾಲಿ ಅವರ ಹೆಸರು ಅಲ್ಲಿರಲಿಲ್ಲ. ಜೆಫರ್ಸನ್ನರ ಮಗಳು ಅವರನ್ನು ಕಾಗದಪತ್ರವಿಲ್ಲದೆ ಹೋಗಗೊಟ್ಟರು, ಅವರು ಗಂಡುಮಕ್ಕಳೊಂದಿಗೆ ಶಾರ್ಲಟ್ಸ್‌ವಿಲ್‌ನಲ್ಲಿದ್ದು 1835ರಲ್ಲಿ ತೀರಿಕೊಂಡರು.

ಎರಡನೆಯ ಪ್ರಶ್ನೆಯೇ ಈ ಚರ್ಚೆಯ ತಿರುಳು. ಸ್ಯಾಲಿ ಅವರ ಕಥೆಯ ಅಬ್ಬರದಲ್ಲಿ ಅವರ ಹಿರಿಯಕ್ಕ ಮೇರಿ ಅವರ ಸಂತತಿ ಮರೆಯಾಗುತ್ತದೆಂಬುದು ನನ್ನ ಹಳೆಯ ದೂರು. ಜೆಫರ್ಸನ್ ಫ್ರಾನ್ಸಿನಲ್ಲಿದ್ದಾಗ ಮೇರಿ ಅವರನ್ನು ಶಾರ್ಲಟ್ಸ್‌ವಿಲ್‌ನ ವ್ಯಾಪಾರಿ ಥಾಮಸ್ ಬೆಲ್ ಅವರಿಗೆ ಗುತ್ತಿಗೆಗೆ ಕೊಡಲಾಗಿತ್ತು. ಬೆಲ್ ಬಿಳಿಯರು. ಇಬ್ಬರೂ ಸಂಸಾರ ಹೂಡಿದರು, ಇಬ್ಬರು ಮಕ್ಕಳಾದರು. 1792ರಲ್ಲಿ, ತನ್ನನ್ನು ಬೆಲ್ ಅವರಿಗೇ ಮಾರಬೇಕೆಂದು ಮೇರಿ ಕೇಳಿಕೊಂಡರು. ಜೆಫರ್ಸನ್ ಒಪ್ಪಿದರು, ಆದರೆ ಜೊತೆಗೆ ಹೋಗಲು ಬಿಟ್ಟದ್ದು ಬೆಲ್ ಅವರಿಗೆ ಹುಟ್ಟಿದ ಎರಡು ಮಕ್ಕಳನ್ನು ಮಾತ್ರ. ಅದಕ್ಕೂ ಮೊದಲು ಹುಟ್ಟಿದ್ದ ಜೋಸೆಫ್ ಮತ್ತು ಬೆಟ್ಸಿ ಮಾಂಟಿಚೆಲ್ಲೊದಲ್ಲೇ ಉಳಿಯಬೇಕಾಯಿತು. ಜೋಸೆಫನಿಗೆ ಆಗ ಹನ್ನೊಂದೋ ಹನ್ನೆರಡೋ ವರ್ಷ. ಬೇಡಿಕೆಯನ್ನು ಒಪ್ಪುವುದೂ ತಾಯಿ ಮಕ್ಕಳನ್ನು ಅಗಲಿಸುವುದೂ ಒಂದೇ ಆದೇಶದಲ್ಲಿ ನಡೆದುಹೋದವು, ಮತ್ತು ಅದನ್ನು ಯಾರೂ ವಿರೋಧಾಭಾಸವೆಂದು ಭಾವಿಸಿದಂತಿಲ್ಲ. ಬೆಲ್ 1800ರಲ್ಲಿ ಸಾಯುವಾಗ ತಮ್ಮ ಆಸ್ತಿಯನ್ನು ಮೇರಿ ಮತ್ತು ಆ ಇಬ್ಬರು ಮಕ್ಕಳಿಗೆ ಬಿಟ್ಟುಹೋದರು. ಇದರ ಮಹತ್ವ ಮುಂದೆ ತಿಳಿಯುತ್ತದೆ.

ಜೋಸೆಫ್ ಫಾಸೆಟ್ ಮೊಳೆ ಕಾರ್ಖಾನೆಯಲ್ಲಿ ದುಡಿದು, ಕಮ್ಮಾರಿಕೆ ಕಲಿತು, ಕೊನೆಗೆ ಇಡೀ ಕಮ್ಮಾರಸಾಲೆಯ ಮುಖ್ಯಸ್ಥರಾದರು. ಅವರ ಹೆಂಡತಿ ಈಡಿತ್ ಅವರನ್ನು 15ನೆಯ ವಯಸ್ಸಿನಲ್ಲಿ ವಾಷಿಂಗ್ಟನ್ನಿನ ಅಧ್ಯಕ್ಷರ ನಿವಾಸಕ್ಕೆ, ಫ್ರೆಂಚ್ ಬಾಣಸಿಗ ಓನೊರೆ ಜೂಲಿಯನ್ ಅವರ ಕೈಕೆಳಗೆ ಅಡುಗೆ ಕಲಿಯಲು ಕಳುಹಿಸಲಾಯಿತು. ಗಂಡ ಮಾಂಟಿಚೆಲ್ಲೊದ ಬೆಟ್ಟದ ಮೇಲೆ, ಹೆಂಡತಿ ರಾಜಧಾನಿಯಲ್ಲಿ. 1806ರಲ್ಲಿ ಜೋಸೆಫ್ ಹೇಳದೆ ಕೇಳದೆ ವಾಷಿಂಗ್ಟನ್ನಿಗೆ ಹೊರಟುಬಿಟ್ಟರು. ಜೆಫರ್ಸನ್ ಆಳು ಕಳುಹಿಸಿ ಹಿಡಿಸಿದರು. ಅಧ್ಯಕ್ಷರ ನಿವಾಸದಿಂದ ಹೊರಬರುತ್ತಿದ್ದಾಗ ಸಿಕ್ಕಿಬಿದ್ದ ಅವರನ್ನು ಜೈಲಿನಲ್ಲಿಟ್ಟು ಊರಿಗೆ ವಾಪಸು ಕಳುಹಿಸಲಾಯಿತು. ಸ್ವಾತಂತ್ರ್ಯ ಹುಡುಕಿ ಉತ್ತರಕ್ಕೆ ಓಡುವವರ ಕಥೆಗಳ ನಡುವೆ ಹೆಂಡತಿಯ ಮುಖ ನೋಡಲೆಂದು ಒಡೆಯನದೇ ಮನೆಯ ಬಾಗಿಲಿಗೆ ಓಡಿದ ಈ ಮನುಷ್ಯನ ಕಥೆಗೆ ಸಲ್ಲಬೇಕಾದ ಗಮನ ಸಂದಿಲ್ಲ.

ಜೆಫರ್ಸನ್ 1826ರ ಜುಲೈ 4ರಂದು, ಒಂದು ಲಕ್ಷ ಡಾಲರಿಗೂ ಮೀರಿದ ಸಾಲವನ್ನು ಉಳಿಸಿ ತೀರಿಕೊಂಡರು. ಉಯಿಲು ಐವರನ್ನು ಬಿಡುಗಡೆ ಮಾಡಿತು: ಬಟ್ಲರ್ ಬರ್ವೆಲ್ ಕೋಲ್ಬರ್ಟ್, ಬಡಗಿ ಜಾನ್ ಹೆಮಿಂಗ್ಸ್, ಕಮ್ಮಾರ ಜೋಸೆಫ್ ಫಾಸೆಟ್, ಮತ್ತು ಮ್ಯಾಡಿಸನ್, ಎಸ್ಟನ್. ವರ್ಜೀನಿಯಾದ 1806ರ ಕಾನೂನಿನ ಪ್ರಕಾರ ಬಿಡುಗಡೆಯಾದವರು ಒಂದು ವರ್ಷದೊಳಗೆ ರಾಜ್ಯ ಬಿಡಬೇಕಿತ್ತಾದ್ದರಿಂದ, ಇವರು ಹೆಂಡಿರು ಮಕ್ಕಳಿರುವಲ್ಲೇ ಇರಲು ಶಾಸನಸಭೆ ಅನುಮತಿ ನೀಡಲೆಂಬ ವಿನಂತಿಯೂ ಉಯಿಲಿನಲ್ಲಿತ್ತು. ಆದರೆ ಆ ಹೆಂಡಿರು ಮಕ್ಕಳು ಸಾಲ ಕೊಟ್ಟವರಿಗೆ ಸಲ್ಲಬೇಕಾದ ಆಸ್ತಿಯಾಗಿಯೇ ಉಳಿದರು. 1827ರ ಜನವರಿಯಲ್ಲಿ 130 ಮಂದಿಯ ಹರಾಜೆಂದು ಪತ್ರಿಕೆಯಲ್ಲಿ ಜಾಹೀರಾತು ಬಂತು. ಮನೆಯ ಪೀಠೋಪಕರಣ, ದನಕರುಗಳೊಂದಿಗೆ ಮಾಂಟಿಚೆಲ್ಲೊದಲ್ಲೇ ಹರಾಜು ನಡೆಯಿತು. ಜೋಸೆಫ್ ಅವರ ಬಿಡುಗಡೆ ಊರ್ಜಿತವಾಗುವುದು ಅದೇ ವರ್ಷದ ಜುಲೈಯಲ್ಲಿ. ಅದಕ್ಕೆ ಆರು ತಿಂಗಳ ಮೊದಲೇ ಹೆಂಡತಿಯೂ ಮಕ್ಕಳೂ ಹರಾಜಿನ ಕಟ್ಟೆ ಏರಿದ್ದರು.

ಇಲ್ಲಿ ಬೆಲ್ ಬಿಟ್ಟುಹೋದ ಆಸ್ತಿ ನೆರವಿಗೆ ಬಂತು. 35 ವರ್ಷಗಳ ಹಿಂದೆ ಮಗನನ್ನು ಬಿಟ್ಟು ಹೋಗಬೇಕಾಗಿದ್ದ ಮೇರಿ ಅವರ ಮನೆತನದ ಸಹಾಯದಿಂದ ಈಡಿತ್ ಮತ್ತು ಚಿಕ್ಕ ಮಕ್ಕಳನ್ನು ಕೊಳ್ಳಲಾಯಿತು. ಉಳಿದ ಮಕ್ಕಳು ಬೇರೆ ಬೇರೆ ಒಡೆಯರ ಪಾಲಾದರು. ಜೋಸೆಫ್ ಅವರ 11 ವರ್ಷದ ಮಗ ಪೀಟರ್‌ನನ್ನು ಕೊಂಡ ಜೋನ್ಸ್ ಎಂಬವರು, ತಂದೆ ಹಣ ಹೊಂದಿಸಿ ತಂದಾಗಲೂ ಹುಡುಗನನ್ನು ಬಿಟ್ಟುಕೊಡಲಿಲ್ಲ. ಜೋಸೆಫ್ ದುಡಿದು ದುಡಿದು ಒಬ್ಬೊಬ್ಬರನ್ನಾಗಿ ಕೊಂಡು, 1837ರಲ್ಲಿ ಹೆಂಡತಿಗೂ ಹಲವು ಮಕ್ಕಳು ಮೊಮ್ಮಕ್ಕಳಿಗೂ ಬಿಡುಗಡೆ ಪತ್ರ ಬರೆದುಕೊಟ್ಟರು. ಗಮನಿಸಿ: ಅಷ್ಟು ವರ್ಷ ಕಾನೂನಿನ ಕಣ್ಣಿನಲ್ಲಿ ಗಂಡನೇ ಹೆಂಡತಿಯ ಒಡೆಯ. ಪೀಟರ್ ಎರಡು ಬಾರಿ ಓಡಿ ಸಿಕ್ಕಿಬಿದ್ದು, ಮತ್ತೆ ಹರಾಜಿಗೆ ನಿಂತು, 1850ರ ಹೊತ್ತಿಗೆ ಬಂಧುಮಿತ್ರರು ಕೂಡಿಸಿದ ಹಣದಿಂದ ಬಿಡುಗಡೆಯಾಗಿ ಸಿನ್ಸಿನಾಟಿ ಸೇರಿದರು. ಅಲ್ಲಿ ಭೋಜನಕೂಟಗಳ ಅಡುಗೆ ವಹಿಸಿಕೊಳ್ಳುವ ವೃತ್ತಿಯಲ್ಲಿ ಹೆಸರು ಮಾಡಿ, ಬ್ಯಾಪ್ಟಿಸ್ಟ್ ಪಾದ್ರಿಯಾಗಿ, ಓಡಿಬಂದ ಗುಲಾಮರಿಗೆ ಆಸರೆ ಕೊಟ್ಟರು. ತಾನು ಮಾರಾಟವಾದ ಬಗೆಯನ್ನು 1898ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅವರೇ ಹೇಳಿದ್ದಾರೆ.

ಕೃಪೆ ತಲುಪಿತ್ತೇ ಎಂದು ಕೇಳಿದಿರಿ. ಜೋಸೆಫ್ ಅವರಿಗೆ ತಲುಪಿತ್ತು. ಅವರ ಮಂಚದ ಇನ್ನೊಂದು ಬದಿಗೆ ತಲುಪಿರಲಿಲ್ಲ.

ಉತ್ತರ: ನಿಧಾನ ಓದುಗ

ದಾಖಲೆಮನೆಯವರ ವಿವರಣೆಗೆ ಒಂದು ಎಚ್ಚರಿಕೆಯ ಮಾತು. ಈ ಕುಟುಂಬವನ್ನು ಆ ಕಾಲದ ಗುಲಾಮರ ಪ್ರತಿನಿಧಿಯೆಂದು ತೆಗೆದುಕೊಳ್ಳಬಾರದು. 1827ರಲ್ಲಿ ಹರಾಜಾದವರಲ್ಲಿ ಬಹುತೇಕರಿಗೆ ಊರಿನಲ್ಲಿ ಆಸ್ತಿಯುಳ್ಳ ಅಜ್ಜಿಯಿರಲಿಲ್ಲ, ಕೈಯಲ್ಲಿ ಹಣ ತರುವ ಕಸುಬಿರಲಿಲ್ಲ. ಜೆಫರ್ಸನ್ನರ ಮನಸ್ಸು ಲೆಕ್ಕದ ವಿಷಯಕ್ಕೆ ಬಂದಾಗ ಹೇಗೆ ಓಡುತ್ತಿತ್ತೆಂಬುದಕ್ಕೆ 1820ರ ಒಂದು ಪತ್ರವಿದೆ: ಎರಡು ವರ್ಷಕ್ಕೊಂದು ಮಗು ಹೆರುವ ಹೆಂಗಸು ತೋಟದ ಅತ್ಯುತ್ತಮ ಗಂಡಾಳಿಗಿಂತ ಹೆಚ್ಚು ಲಾಭದಾಯಕ ಎಂದು ಅದರಲ್ಲಿ ಬರೆಯುತ್ತಾರೆ. ಹೆಮಿಂಗ್ಸ್ ಹೆಂಗಸರನ್ನು ಈ ಲೆಕ್ಕದಿಂದ ಹೊರಗಿಡುವ ಮಾತೇನೂ ಆ ಸಾಲಿನಲ್ಲಿಲ್ಲ.

ಉತ್ತರ: ಕಡತಪ್ರಿಯ

ಉಳಿದಿರುವುದು ಆಧಾರಗಳ ಪ್ರಶ್ನೆ. ಗುಲಾಮರಾಗಿದ್ದವರ ಸಂತತಿಯವರು ತಮ್ಮ ಹಿರಿಯರನ್ನು ಹುಡುಕುತ್ತ ಹೋದಾಗ ಸಾಮಾನ್ಯವಾಗಿ 1870ರ ಜನಗಣತಿಯ ಬಳಿ ಗೋಡೆಗೆ ಮುಟ್ಟುತ್ತಾರೆ, ಏಕೆಂದರೆ ದಕ್ಷಿಣದ ಕಪ್ಪುಜನರೆಲ್ಲರ ಹೆಸರು ಮೊದಲ ಬಾರಿಗೆ ದಾಖಲಾದದ್ದು ಆಗ. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿದೆ. ಅದರ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ, ಅಷ್ಟೇ. ಹೆಮಿಂಗ್ಸ್ ಕುಟುಂಬ ಈ ಗೋಡೆಯ ಆಚೆಗೂ ಕಾಣುವುದಕ್ಕೆ ಕಾರಣ ಒಡೆಯನ ಬರೆದಿಡುವ ಚಟ. 1774ರಿಂದ ಜೆಫರ್ಸನ್ ಇಟ್ಟುಕೊಂಡ ತೋಟದ ಪುಸ್ತಕದಲ್ಲಿ ಯಾವ ತಾಯಿಗೆ ಯಾವಾಗ ಮಗು ಹುಟ್ಟಿತು, ಯಾರಿಗೆ ಎಷ್ಟು ಬಟ್ಟೆ, ಯಾರಿಗೆ ಕಂಬಳಿ, ಎಷ್ಟು ಮೀನು ಎಂಬುದೆಲ್ಲ ಇದೆ. ತಾಯಿಯ ಮೂಲಕವೇ ಆಸ್ತಿ ಬೆಳೆಯುವ ಕಾನೂನಿದ್ದುದರಿಂದ ತಾಯಿ ಮಕ್ಕಳ ಕೊಂಡಿ ಲೆಕ್ಕಕ್ಕೆ ಬೇಕಾಗಿತ್ತು. ಸ್ಯಾಲಿ ಅವರ ಮಕ್ಕಳ ಹುಟ್ಟಿದ ದಿನಗಳೂ ಅಲ್ಲಿವೆ. ತಂದೆಯ ಹೆಸರಿನ ಜಾಗ ಮಾತ್ರ ಖಾಲಿ.

ಆ ಖಾಲಿ ಜಾಗವನ್ನು ಮೊದಲು ಮುದ್ರಣದಲ್ಲಿ ತುಂಬಿದವರು ಜೇಮ್ಸ್ ಕ್ಯಾಲೆಂಡರ್ ಎಂಬ ಪತ್ರಕರ್ತರು, 1802ರಲ್ಲಿ, ಅಧ್ಯಕ್ಷರ ಮೇಲಿನ ದ್ವೇಷದಿಂದ. ಬರೆದವರ ಉದ್ದೇಶ ಕೆಟ್ಟದ್ದೆಂದು ಸುದ್ದಿಯನ್ನೇ ತಳ್ಳಿಹಾಕುವುದು ಸುಲಭವಾಯಿತು. ಜೆಫರ್ಸನ್ನರ ಮೊಮ್ಮಕ್ಕಳು ಆ ಮಕ್ಕಳ ತಂದೆ ತಮ್ಮ ತಾತನ ಸೋದರಳಿಯರಾದ ಕಾರ್ ಸಹೋದರರಲ್ಲಿ ಒಬ್ಬರೆಂದು ಹೇಳಿದರು. ಮ್ಯಾಡಿಸನ್ ಅವರ 1873ರ ಹೇಳಿಕೆಯನ್ನು ಇತಿಹಾಸಕಾರರು ನೂರು ವರ್ಷಕ್ಕೂ ಹೆಚ್ಚು ಕಾಲ ಬದಿಗಿಟ್ಟರು. ಒಡೆಯನ ಕುಟುಂಬದ ಬಾಯಿಮಾತು ಸಾಕ್ಷ್ಯವಾಯಿತು, ಗುಲಾಮರ ಕುಟುಂಬದ ಬಾಯಿಮಾತು ಗಾಳಿಸುದ್ದಿಯಾಯಿತು. ಇದನ್ನು ಪಕ್ಷಪಾತವೆನ್ನದೆ ಬೇರೇನೆನ್ನಬೇಕೋ ಕಾಣೆ. ಸ್ಯಾಲಿ ಅವರ ಪ್ರತಿಯೊಂದು ಮಗುವಿನ ಹುಟ್ಟಿಗೆ ಒಂಬತ್ತು ತಿಂಗಳ ಹಿಂದೆ ಜೆಫರ್ಸನ್ ಮಾಂಟಿಚೆಲ್ಲೊದಲ್ಲೇ ಇದ್ದರೆಂಬುದು ಅವರದೇ ದಾಖಲೆಗಳಿಂದ ತಿಳಿಯುತ್ತದೆ. 1998ರಲ್ಲಿ ನೇಚರ್ ಪತ್ರಿಕೆಯಲ್ಲಿ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂತು. ಜೆಫರ್ಸನ್ನರಿಗೆ ವಿವಾಹದಿಂದ ಗಂಡು ಸಂತಾನ ಉಳಿಯದ್ದರಿಂದ ಅವರ ದೊಡ್ಡಪ್ಪ ಫೀಲ್ಡ್ ಜೆಫರ್ಸನ್ನರ ಗಂಡುಸಂತತಿಯ, ತಂದೆಯಿಂದ ಮಗನಿಗಷ್ಟೇ ಬರುವ ವೈ ವರ್ಣತಂತುವನ್ನು ಹೋಲಿಸಲಾಯಿತು. ಎಸ್ಟನ್ ಹೆಮಿಂಗ್ಸ್ ಸಂತತಿಯವರದು ಅದಕ್ಕೆ ಹೊಂದಿತು, ಕಾರ್ ಸಹೋದರರ ವಂಶದವರದಕ್ಕೆ ಹೊಂದಲಿಲ್ಲ. ಈ ಪರೀಕ್ಷೆ ತಾನೊಂದೇ ಥಾಮಸ್ ಅವರನ್ನು ಬೊಟ್ಟು ಮಾಡಿ ತೋರಿಸುವುದಿಲ್ಲ, ವಂಶವನ್ನು ತೋರಿಸುತ್ತದೆ. ಅದನ್ನು ಉಳಿದ ದಾಖಲೆಗಳೊಂದಿಗೆ ಇಟ್ಟು ನೋಡಿದ ಮೇಲೆ, ಮಾಂಟಿಚೆಲ್ಲೊವನ್ನು ನೋಡಿಕೊಳ್ಳುವ ಪ್ರತಿಷ್ಠಾನವೇ 2000ದಲ್ಲಿ, ಜೆಫರ್ಸನ್ ಈ ಮಕ್ಕಳ ತಂದೆಯಾಗಿರುವ ಸಂಭವವೇ ಅತಿ ಹೆಚ್ಚೆಂದು ವರದಿ ನೀಡಿತು. ಒಪ್ಪದ ಕೆಲವರು ಈಗಲೂ ಇದ್ದಾರೆ.

ಇನ್ನು ಮೈಬಣ್ಣದ ವಿಷಯ. ಸ್ಯಾಲಿ ಅವರ ಮಕ್ಕಳ ಪೂರ್ವಜರಲ್ಲಿ ಎಂಟರಲ್ಲಿ ಏಳು ಪಾಲು ಯುರೋಪಿನವರಾದ್ದರಿಂದ, ಸ್ವತಂತ್ರರಾದ ಮರುಕ್ಷಣ ವರ್ಜೀನಿಯಾದ ಅಂದಿನ ಕಾನೂನಿನಂತೆ ಅವರು ಬಿಳಿಯರೇ ಆಗಬಹುದಿತ್ತು. ಬೆವರ್ಲಿ ಮತ್ತು ಹ್ಯಾರಿಯಟ್ ಬಿಳಿಯರ ಸಮಾಜದಲ್ಲಿ ಬೆರೆತು ಮರೆಯಾದರು. ಮ್ಯಾಡಿಸನ್ ಒಹಾಯೊದಲ್ಲಿ ಕಪ್ಪುಜನರ ನಡುವೆಯೇ ಬಾಳಿದರು. ಸಂಗೀತಗಾರರಾಗಿದ್ದ ಎಸ್ಟನ್ 1852ರಲ್ಲಿ ವಿಸ್ಕಾನ್ಸಿನ್‌ಗೆ ಹೋಗಿ, ಎಸ್ಟನ್ ಹೆಮಿಂಗ್ಸ್ ಜೆಫರ್ಸನ್ ಎಂಬ ಹೆಸರಿನಿಂದ ಬಿಳಿಯರಾಗಿ ನೆಲೆಸಿದರು. ಅವರ ಮಗ ಜಾನ್ ವೇಲ್ಸ್ ಜೆಫರ್ಸನ್ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯದ ಕರ್ನಲ್ ಆಗಿದ್ದರು. ಮ್ಯಾಡಿಸನ್ ಅವರ ವಂಶದಲ್ಲಿ ಸ್ಯಾಲಿಯ ಹೆಸರು ಮನೆಮಾತಾಗಿ ಉಳಿಯಿತು. ಎಸ್ಟನ್ ಅವರ ವಂಶದವರು ತಾವು ಅಧ್ಯಕ್ಷರ ತಂದೆಯ ಸಹೋದರರೊಬ್ಬರ ಕಡೆಯವರೆಂದು ಮಕ್ಕಳಿಗೆ ಹೇಳಿ ಬೆಳೆಸಿದರು. 1993ರಲ್ಲಿ ಮಾಂಟಿಚೆಲ್ಲೊದಲ್ಲಿ ಗುಲಾಮರಾಗಿದ್ದವರ ಸಂತತಿಯ ಬಾಯಿಮಾತಿನ ಚರಿತ್ರೆಯನ್ನು ಸಂಗ್ರಹಿಸುವ ಕೆಲಸ ಆರಂಭವಾಯಿತು. ಫಾಸೆಟ್ ಮನೆತನದ ಬಗ್ಗೆ ಹೆಚ್ಚು ತಿಳಿಯಬೇಕೆಂದಿದ್ದರೆ ನೀವು ಮೊದಲು ನೋಡಬೇಕಾದದ್ದು ಆ ಸಂಗ್ರಹವನ್ನು.